ಕೀಲಿ ಹಾಕಿದ ಮನೆಯಲ್ಲಿ ನಾಲ್ಕು ಸೀಸೆ

ಮನೆಗೆಲಸದ ಗುಡ್ಡವ್ವ ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕುಳಿತು, ಬಂದವರ ಚಪ್ಪಲಿಗಳನ್ನೆಲ್ಲ ಒಂದು ಜೋಳದ ಚೀಲಕ್ಕೆ ತುಂಬುತ್ತಿದ್ದಳು. ಡಾಕ್ಟರರ ಬೂಟು, ಬಿಲ್ಡರನ ಕೊಲ್ಹಾಪುರಿ, ಶಾಂಭವಿಯ ಅಪ್ಪನ ಕರಿಯ ಚಪ್ಪಲಿ, ಅವಳು ಆಗತಾನೆ ಕಳಚಿದ ಕೆಂಪು ಪಟ್ಟಿಯ ಜೋಡು, ಎಲ್ಲವೂ ಜಾತಿ ಕುಲ ನೋಡದೆ ಒಂದರ ಮೇಲೊಂದು ಬಿದ್ದವು.

“ಇದೇನ ಗುಡ್ಡವ್ವಾ, ನಮ್ಮನ್ನ ಒಳಗ ಕರದು ಚಪ್ಪಲಿ ಮಾರಾಕ ಹೊಂಟೀಯೇನು?” ಎಂದು ಶಾಂಭವಿ ನಕ್ಕಳು.

“ಮಾರಿದ್ರ ಏನ್ ಬರತೈತ್ರಿ ತಂಗಿ, ಎಲ್ಲಾ ಸವದಾವು,” ಎಂದಳು ಗುಡ್ಡವ್ವ. “ಸಾವಕಾರ್ರ ಹುಕುಂ. ಬಾಗಲದಾಗ ಇಷ್ಟು ಜೋಡು ಕಂಡ್ರ ಓಣಿ ಮಂದಿಗೆ ಗೊತ್ತಾಗಂಗಿಲ್ಲೇನು, ಒಳಗ ಏನೋ ನಡದೈತಿ ಅಂತ?”

ಒಳಗೆ ನಡೆಯಲಿದ್ದುದು ಸ್ಪೇನ್ ದೇಶದ ಹಳೆಯ ವೈನುಗಳ ರುಚಿ ನೋಡುವ ಕೂಟ. ಕೂಟ ಕರೆದವರು ಗುರುಪಾದ ಕಾಕಾ, ಶಾಂಭವಿಯ ಅಪ್ಪ ಶಾಂತಯ್ಯನ ಬಾಲ್ಯದ ಗೆಳೆಯ, ಊರಲ್ಲಿ ಎರಡು ಹೋಟೆಲುಗಳ ಒಡೆಯ. ವೈನು ಮಾಡುವ ಹೆಂಗಸೇ ಬಂದು ತನ್ನ ಕೈಯಾರೆ ಸುರಿದು ಕೊಡುವವಳಿದ್ದಳು. ಗೋವಾ ಮುಗಿಸಿ ಮುಂಬಯಿಗೆ ಹೋಗುವ ನಡುವೆ ಈ ಊರಿಗೆಂದು ಆಕೆಗೆ ಸಿಕ್ಕಿದ್ದು ಒಂದೇ ಸಂಜೆ. ಆ ಸಂಜೆ ಶುಕ್ರವಾರವಾಗಿ ಬಿತ್ತು. ಶುಕ್ರವಾರ ಗೋಪನಕೊಪ್ಪದ ಆ ಓಣಿಯಲ್ಲಿ ವಚನ ಗಾಯನ. ಈ ವಾರದ ಸರದಿ ಎದುರುಮನೆಯದು. ಗಾಯನ ಮಂಡಳಿಯ ಅಧ್ಯಕ್ಷರು ಸಾಕ್ಷಾತ್ ಗುರುಪಾದ ಕಾಕಾ.

ಕಾಕಾ ಉಪಾಯ ಹೂಡಿದ್ದರು. ತಾವು ಮನೆಮಂದಿಯ ಸಮೇತ ಬೆಳಗಾವಿಗೆ ಹೋಗಿರುವುದಾಗಿ ಮಂಡಳಿಗೆ ತಿಳಿಸಿದ್ದರು. ಬಂದವರೆಲ್ಲ ಕಾರುಗಳನ್ನು ಎರಡು ಓಣಿ ಆಚೆ ನಿಲ್ಲಿಸಿ ನಡೆದು ಬಂದಿದ್ದರು. ಕಿಟಕಿ ಮುಚ್ಚಿ, ಪರದೆ ಎಳೆದು, ಗೋಡೆಯ ಮೇಲಿನ ಶರಣರ ಪಟಕ್ಕೆ ಚಳಿಯಾದೀತೆಂಬಂತೆ ರೇಷ್ಮೆಯ ಶಾಲು ಹೊದಿಸಿದ್ದರು. ಎಲ್ಲರೂ ಒಳಗೆ ಸೇರಿದ ಮೇಲೆ ಗುಡ್ಡವ್ವ ಹೊರಗಿನಿಂದ ದೊಡ್ಡ ಕೀಲಿ ಜಡಿದು, ಕೀಲಿಗೊಂಚಲನ್ನು ತನ್ನ ಎಲೆಅಡಿಕೆಯ ಎಲೆಚೀಲದಲ್ಲಿ ಇಟ್ಟುಕೊಂಡು, ಎದುರುಮನೆಯ ಗಾಯನದಲ್ಲಿ ಹೋಗಿ ಕೂರಬೇಕು. ಎಂಟೂವರೆಗೆ ಮಂದಿ ಚದುರಿದ ಮೇಲೆ ಬಂದು ತೆರೆಯಬೇಕು. ಹಿತ್ತಲ ಗ್ರಿಲ್ಲಿನ ಕೀಲಿಯೂ ಅದೇ ಗೊಂಚಲಲ್ಲಿತ್ತು.

ಹೊರಗೆ ಕೀಲಿ ಬಿದ್ದ ಸದ್ದು ಕೇಳಿದಾಗ ಶಾಂಭವಿಗೆ ಮೈ ಜುಂ ಎಂದಿತು. ಅಜ್ಜಿಯ ಕತೆಗಳಲ್ಲಿ ಹೀಗೆಯೇ ಕೀಲಿ ಬೀಳುತ್ತಿತ್ತು, ರಾಜಕುಮಾರಿ ಒಳಗೆ ಉಳಿಯುತ್ತಿದ್ದಳು. ಅವಳಿಗೆ ಖುಷಿಯೇ ಆಯಿತು. ಇಪ್ಪತ್ತಾರು ವರ್ಷದ ಹುಡುಗಿ ಅವಳು, ಗೋಕುಲ ರಸ್ತೆಯ ಒಂದು ವಾಲ್ವ್ ಕಾರ್ಖಾನೆಯಲ್ಲಿ ಕೂತು ಪೆರು, ಚಿಲಿ ದೇಶಗಳಿಗೆ ಸ್ಪ್ಯಾನಿಷ್‌ನಲ್ಲಿ ಪತ್ರ ಬರೆಯುವ ಕೆಲಸ. ಪುಣೆಯಲ್ಲಿ ಎರಡು ವರ್ಷ ಹಟ ಹಿಡಿದು ಕಲಿತ ಭಾಷೆ. ಅದನ್ನು ಮನೆಯವರ್ಯಾರೂ ಒಂದು ದಿನ ಕಿವಿಗೊಟ್ಟು ಕೇಳಿದ್ದಿಲ್ಲ. ಹೋದ ವಾರ ಅಪ್ಪ ತಾನಾಗಿಯೇ ಬಂದು, “ಗುರುಪಾದನ ಮನಿಗೆ ಸ್ಪೇನ್‌ದಾಕಿ ಒಬ್ಬಾಕಿ ಬರ್ತಾಳಂತ. ಅಕಿ ಮಾತು ನಮಗ, ನಮ್ಮ ಮಾತು ಅಕಿಗೆ ತಿಳಿಸಿ ಹೇಳಾಕ ನೀ ಬರಬೇಕಂತ,” ಎಂದಾಗ ಅವಳು ಹಿಗ್ಗಿ ಹೀರೇಕಾಯಿಯಾಗಿದ್ದಳು. ಬೆಳಿಗ್ಗೆ ಅವ್ವ ಇಳಕಲ್ಲ ಸೀರೆ ತೆಗೆದಿಟ್ಟು, “ದೊಡ್ಡವರ ಮನಿ, ಚೂಡಿದಾರ ಬ್ಯಾಡ,” ಎಂದಾಗಲೂ ಅವಳಿಗೆ ಏನೂ ಹೊಳೆಯಲಿಲ್ಲ. ಹಿಗ್ಗಿದವರ ಕಣ್ಣಿಗೆ ತೆರೆ ಬಿದ್ದಿರುತ್ತದೆ.

ಬಿಳಿಯ ಬಟ್ಟೆ ಹಾಸಿದ ಮೇಜಿನ ಸುತ್ತ ಏಳು ಮಂದಿ. ಒಂದು ತುದಿಗೆ ಗುರುಪಾದ ಕಾಕಾ, ಅವರ ಎಡಕ್ಕೆ ಮಗ ಬಸವಪ್ರಭು. ಮೂವತ್ತರ ಮೆದು ಮುಖದ ಮನುಷ್ಯ. ಮೊಬೈಲಿನಲ್ಲಿ ನೋಡಿ ಕಲಿತಂತೆ ಖಾಲಿ ಗ್ಲಾಸನ್ನೇ ತಿರುಗಿಸುತ್ತ ಕೂತಿದ್ದ. ಎದುರಿಗೆ ಡಾಕ್ಟರು, ಬಿಲ್ಡರು, ಅಪ್ಪ. ಅಪ್ಪನ ಮುಂದೆ ಮಾತ್ರ ಕೋಕಮ್ ಶರಬತ್ತು. ಇನ್ನೊಂದು ತುದಿಗೆ ಬೆಳ್ಳಗೆ ಕತ್ತರಿಸಿದ ಕೂದಲಿನ, ಬಿಸಿಲಿಗೆ ಸುಕ್ಕಾದ ಕೈಗಳ, ಎಪ್ಪತ್ತರ ಸಮೀಪದ ರೆಮೆದಿಯೋಸ್. ಆಕೆಯ ಮಗ್ಗುಲಲ್ಲಿ ಶಾಂಭವಿ. ಕಾಕಾನ ಹೆಂಡತಿ ನೀಲಗಂಗಾ ಕಾಕು ಮೇಜಿಗೆ ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾರಿಗೂ ಅಲ್ಲ, ಶಾಂಭವಿಗೆ ಮಾತ್ರ ನಗುತ್ತಿದ್ದಳು. ಅವಳ ಮುಡಿಗೆ ಒಂದು ಮೊಳ ಮಲ್ಲಿಗೆಯನ್ನೂ ಮುಡಿಸಿ ಹೋಗಿದ್ದಳು.

“ಹೊರಗಿನಿಂದ ಕೀಲಿ ಹಾಕಿದರಲ್ಲ?” ಎಂದು ರೆಮೆದಿಯೋಸ್ ಮೆಲ್ಲಗೆ ಕೇಳಿದಳು.

ಶಾಂಭವಿ ಸ್ಪ್ಯಾನಿಷ್‌ನಲ್ಲಿ ಕಾರಣ ಹೇಳಿದಳು. ಮುದುಕಿ ಗಂಟಲೊಳಗೇ ನಕ್ಕಳು. “ಒಳ್ಳೆಯದೇ. ನನ್ನ ವೈನಿಗೂ ಕತ್ತಲೆ ಮತ್ತು ಮುಚ್ಚಿದ ಬಾಗಿಲೇ ಇಷ್ಟ.”

ಮೊದಲ ಸೀಸೆ ಒಣಹುಲ್ಲಿನ ಬಣ್ಣದ್ದು. ಪೀಪಾಯಿಯೊಳಗೆ ವೈನಿನ ಮೇಲೆ ಬಿಳಿಯ ಪದರವೊಂದು ಕಟ್ಟುತ್ತದೆ, ಅದರ ಕೆಳಗೆ ಗಾಳಿ ತಾಕದೆ ಇದು ಆರು ವರ್ಷ ಮಲಗಿತ್ತು ಎಂದು ರೆಮೆದಿಯೋಸ್ ಹೇಳಿದಳು.

“ಹಾಲಿನ ಮ್ಯಾಲೆ ಕೆನಿ ಕಟ್ಟತೈತಲ್ರಿ, ಹಂಗ. ಆ ಕೆನಿ ಕೆಳಗ ಆರು ವರ್ಷ ಇತ್ತಂತ,” ಎಂದು ಶಾಂಭವಿ ತಿಳಿಸಿದಳು.

“ಕೆನಿ ಕಟ್ಟಿದ್ದಕ್ಕ ಈ ರೇಟೇನು!” ಎಂದ ಬಿಲ್ಡರು. ಒಂದು ಗುಟುಕು ಕುಡಿದು ಮುಖ ಕಿವುಚಿದ. “ಹುಳಿ ಮಜ್ಜಿಗಿ ಐತೋ ಮಾರಾಯಾ.”

“ಕಿಕ್ಕು ಎಷ್ಟೊತ್ತಿಗೆ ಹತ್ತತೈತಿ ಕೇಳವಾ ಅಕಿಗೆ,” ಎಂದರು ಡಾಕ್ಟರು.

ಶಾಂಭವಿ ಅದನ್ನು ಸ್ವಲ್ಪ ಮರ್ಯಾದೆಯ ಬಟ್ಟೆ ಉಡಿಸಿ ದಾಟಿಸಿದಳು. ರೆಮೆದಿಯೋಸ್‌ಗೆ ಬಟ್ಟೆಯೊಳಗಿನದು ಕಂಡಿತು. “ಆರು ವರ್ಷ ಕೂತದ್ದು ಇದು. ಡಾಕ್ಟರಿಗೆ ಆರು ನಿಮಿಷ ಕೂರಲು ಹೇಳು.”

“ದಮ್ ಹಿಡೀರಿ ಅಂತಾರ್ರಿ,” ಎಂದಳು ಶಾಂಭವಿ. ಮೇಜಿಗೆ ಮೇಜೇ ನಕ್ಕಿತು.

ಅವಳು ಕುಡಿಯುವವಳಲ್ಲ. ಆದರೆ ವಾಸನೆ ನೋಡದೆ ನನ್ನ ಮಾತನ್ನು ಹೇಗೆ ಹೇಳುತ್ತೀಯ ಎಂದು ಮುದುಕಿ ಪ್ರತಿ ಗ್ಲಾಸನ್ನೂ ಮೊದಲು ಅವಳ ಮೂಗಿಗೇ ಹಿಡಿಯುತ್ತಿದ್ದಳು. ಉಳಿದವರು ಗ್ಲಾಸನ್ನು ಬೆಳಕಿಗೆ ಎತ್ತಿದರು. ಬಣ್ಣ ನೋಡಿದರು, ವಯಸ್ಸೆಷ್ಟು ಎಂದರು, ಮನೆತನ ಯಾವುದು ಎಂದರು, ಮೂಗು ಮುರಿದರು. ಎರಡು ವರ್ಷದಲ್ಲಿ ಮೂರು ಸಲ ತನ್ನನ್ನು ನೋಡಲು ಬಂದವರು ನೆನಪಾಗಿ ಶಾಂಭವಿ ಸೀಸೆಯ ಕಡೆ ತಿರುಗಿ ಮನಸ್ಸಿನಲ್ಲೇ ಅಂದುಕೊಂಡಳು: ಪಾಪ, ನಿನಗೂ ಬಂತೇನ ಈ ಪಾಳಿ.

ಅಜ್ಜಿ ಶಿವಬಸವ್ವ ಹೇಳುತ್ತಿದ್ದ ಒಂದು ಗಿಳಿಯ ಕತೆ ಇತ್ತು. ಏಳು ಸುತ್ತಿನ ಕೋಟೆಯೊಳಗೊಬ್ಬ ರಾಣಿ, ಕೋಟೆಯ ಹೊರಗೊಬ್ಬ ರಾಜ. ಅವನ ಮಾತು ಇವಳಿಗೆ ತಿಳಿಯದು, ಇವಳದು ಅವನಿಗೆ ತಿಳಿಯದು. ನಡುವೆ ಒಂದು ಗಿಳಿ. ಅದು ರಾಜನ ಮಾತನ್ನು ರಾಣಿಗೆ ರಾಜನ ದನಿಯಲ್ಲೇ ಹೇಳುತ್ತಿತ್ತು, ರಾಣಿಯ ಮಾತನ್ನು ರಾಜನಿಗೆ ರಾಣಿಯ ದನಿಯಲ್ಲೇ ಹೇಳುತ್ತಿತ್ತು. ಇಬ್ಬರೂ ಅದಕ್ಕೆ ಬಂಗಾರದ ಪಂಜರ ಮಾಡಿಸಿದರು. ಇಲ್ಲಿಗೆ ಬಂದಾಗ ಅಜ್ಜಿ ಕತೆ ನಿಲ್ಲಿಸಿ ಕೇಳುವಳು: “ಈಗ ಗಿಳಿಗೆ ಹಸಿವಾತು. ಅದು ಯಾರ ದನಿಯಾಗ ಕೇಳಬೇಕ, ಹೇಳು ನೋಡೋಣು?” ಮೊಮ್ಮಗಳು ಯೋಚಿಸುವಷ್ಟರಲ್ಲಿ ಅಜ್ಜಿಗೆ ನಿದ್ದೆ ಹತ್ತಿರುತ್ತಿತ್ತು. ಮರುದಿನ ಕೇಳಿದರೆ ಬೇರೆ ಕತೆ. ಅಜ್ಜಿ ತೀರಿಹೋಗಿ ನಾಲ್ಕು ವರ್ಷ. ಗಿಳಿ ಇನ್ನೂ ಹಸಿದೇ ಇತ್ತು.

ಎರಡನೆಯ ಸೀಸೆಯ ಗ್ಲಾಸು ಮೂಗಿಗೆ ಬಂದಾಗ ಶಾಂಭವಿ ಬೆಚ್ಚಿದಳು. ಜೇನಿನ ಬಣ್ಣ. ಒಳಗಿನಿಂದ ಎದ್ದು ಬಂದದ್ದು ಅಜ್ಜಿಯ ಇಪ್ಪತ್ತು ವರ್ಷದ ನಿಂಬೆಕಾಯಿ ಉಪ್ಪಿನಕಾಯಿಯ ವಾಸನೆ. ಉಗ್ರಾಣದ ಮೂಲೆಯ ಪಿಂಗಾಣಿ ಭರಣಿ. ಕಪ್ಪಾಗಿ, ಬೆಣ್ಣೆಯಂತೆ ಕರಗಿ, ಹೊಟ್ಟೆನೋವಿಗೆ ಮಾತ್ರ ಹೊರಬರುತ್ತಿದ್ದ ಹೋಳು. ಅವಳು ತಡೆಯಲಾರದೆ ರೆಮೆದಿಯೋಸ್‌ಗೆ ಅದನ್ನು ಹೇಳಿದಳು. ಮುದುಕಿ ಸೀಸೆ ಕೆಳಗಿಟ್ಟು ಅವಳ ಕೈ ಹಿಡಿದಳು.

“ಖಾಲಿ ಮಾಡುತ್ತಿದ್ದಳೇ, ಭರಣಿಯನ್ನು?”

“ಇಲ್ಲ. ತಳ ಕಾಣುವ ಮೊದಲೇ ಹೊಸ ಹೋಳು ಹಾಕುತ್ತಿದ್ದಳು.”

“ನಮ್ಮಲ್ಲಿಯೂ ಅದೇ. ಇವರಿಗೆ ಹೇಳು.”

ಮುದುಕಿ ವಿವರಿಸಿದಂತೆಲ್ಲ ಶಾಂಭವಿ ಹೇಳುತ್ತ ಹೋದಳು. ಪೀಪಾಯಿಗಳನ್ನು ಒಂದರ ಮೇಲೊಂದು ಸಾಲಾಗಿ ಪೇರಿಸಿರುತ್ತಾರೆ. ನೆಲಕ್ಕೆ ಹತ್ತಿದ ಕೆಳಗಿನ ಸಾಲಿನಲ್ಲಿ ಎಲ್ಲಕ್ಕಿಂತ ಹಳೆಯದು. ಮಾರಲಿಕ್ಕೆ ತೆಗೆಯುವುದು ಅದರಿಂದಲೇ, ಅದೂ ವರ್ಷಕ್ಕೆ ಒಂದಿಷ್ಟು. ತೆಗೆದಷ್ಟನ್ನು ಮೇಲಿನ ಸಾಲಿನಿಂದ ತುಂಬುತ್ತಾರೆ, ಅದಕ್ಕೆ ಅದರ ಮೇಲಿನದು. ಪೀಪಾಯಿ ಎಂದೂ ಬರಿದಾಗುವುದಿಲ್ಲ, ತೊಳೆಯುವುದಿಲ್ಲ, ಜಾಗ ಬಿಟ್ಟು ಕದಲಿಸುವುದಿಲ್ಲ.

“ಅಂದ್ರ ಇದರ ವಯಸ್ಸು ಎಷ್ಟಂತ ಹಿಡಿಯೋದು?” ಎಂದು ಬಸವಪ್ರಭು ಮೊದಲ ಸಲ ಬಾಯಿ ತೆರೆದ.

ರೆಮೆದಿಯೋಸ್ ಗ್ಲಾಸನ್ನೇ ನೋಡುತ್ತ ಹೇಳಿದಳು. ಶಾಂಭವಿ ಅದನ್ನು ಕನ್ನಡಕ್ಕೆ ತರುತ್ತ ತರುತ್ತ ದನಿ ಇಳಿಸಿದಳು: “ಅವರ ಮುತ್ತಜ್ಜ ಮೊದಲ ಸಲ ಸುರುವಿದ್ದರಾಗ ಒಂದು ಹನಿ ಇನ್ನೂ ಒಳಗ ಐತಂತ್ರಿ. ನೂರಾ ಮೂವತ್ತು ವರ್ಷ ಆತು. ಪ್ರತಿ ವರ್ಷ ಪೀಪಾಯಿ ಬಾಗಲಾ ತಗೀತಾರ, ಪ್ರತಿ ವರ್ಷ ಆ ಹನಿ ಹೊರಗ ಬರದ ಹಿಂದ ಉಳೀತೈತಂತ.”

ಮುಚ್ಚಿದ ಕಿಟಕಿಗಳ ಸೆಕೆ, ಮಲ್ಲಿಗೆ, ವೈನು, ಒಗ್ಗರಣೆ, ಎಲ್ಲ ಕಲೆತ ಗಾಳಿ. ಅಷ್ಟರಲ್ಲಿ ಗುರುಪಾದ ಕಾಕಾನ ಫೋನು ರಿಂಗಣಿಸಿತು. ಎಲ್ಲರಿಗೂ ಸುಮ್ಮನಿರುವಂತೆ ಕೈಮಾಡಿ ಕಾಕಾ ಫೋನೆತ್ತಿದರು.

“ಹಾಂ, ಶರಣ್ರಿ... ಇಲ್ರಿ, ಬೆಳಗಾವ್ಯಾಗ ಅದೀನ್ರಿ... ಹೌದು, ಮನಿ ಮಂದಿ ಎಲ್ಲಾ.”

ಎದುರುಮನೆಯ ತಾಳದ ಸದ್ದು ಪರದೆಯ ಆಚೆಯಿಂದಲೂ ಬರುತ್ತಿತ್ತು, ಫೋನಿನೊಳಗಿನಿಂದಲೂ ಬರುತ್ತಿತ್ತು. ಆಚೆಯವರು ಏನೋ ಕೇಳಿದರು. ಕಾಕಾ ಒಂದು ಕ್ಷಣ ಕಣ್ಣು ಮುಚ್ಚಿದರು.

“ತಾಳದ ಸಪ್ಪಳಾ? ಇಲ್ಲೂ ಗಾಯನ ನಡದೈತ್ರಿ. ಬೆಳಗಾವ್ಯಾಗೂ ಶುಕ್ರವಾರನ ಐತಲ್ರಿ!”

ಫೋನು ಇಟ್ಟೊಡನೆ ಬಿಲ್ಡರು ಬಾಯಿಗೆ ಕರವಸ್ತ್ರ ತುರುಕಿಕೊಂಡು ಅಲುಗಾಡಿದ. ರೆಮೆದಿಯೋಸ್‌ಗೂ ನಗು ಬಂತು, ಕಾರಣ ಆಮೇಲೆ ಕೇಳಿದಳು. ಶಾಂಭವಿಗೆ ಮಾತ್ರ ನಗು ಬರಲಿಲ್ಲ. ಅಪ್ಪ ಅವಳ ಕಡೆಯೇ ನೋಡುತ್ತಿದ್ದ. ಅವಳು ಕಣ್ಣು ಸೇರಿಸಿದ ಕೂಡಲೇ ಅವನು ಶರಬತ್ತಿನೊಳಗೆ ಇಳಿದುಹೋದ. ಹತ್ತಿ ವ್ಯಾಪಾರದವನು, ಅಂಡಿಗೆಯೊಳಗೆ ಕೈ ಹಾಕಿ ಎಳೆಯ ಉದ್ದ ಹೇಳುವ ಮನುಷ್ಯ, ಯಾರ ಕಣ್ಣನ್ನೂ ತಪ್ಪಿಸುವವನಲ್ಲ ಅವನು.

ಮೂರನೆಯ ಸೀಸೆ ಬಂತು. ಕಡುಗಂದು. ಮೂವತ್ತು ವರ್ಷ ಮೀರಿದ್ದು. ಗುರುಪಾದ ಕಾಕಾ ಗ್ಲಾಸು ಹಿಡಿದು ಎದ್ದು ನಿಂತರು. “ಶಾಂಭವಿ, ನಾ ಒಂದೊಂದ ಮಾತು ಆಡತೇನಿ, ನೀ ಹಿಂದಿಂದ ತಿಳಿಸಿಕೋತ ಹೋಗು.”

ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಈ ಕೆಲಸದಲ್ಲಿ ಒಂದು ಪದ್ಧತಿ ಉಂಟು: ನುಡಿಯುವವನು ‘ನಾನು’ ಎಂದರೆ ತಿಳಿಸುವವಳೂ ‘ನಾನು’ ಎನ್ನಬೇಕು. ತನ್ನನ್ನು ಗೂಟಕ್ಕೆ ನೇತುಹಾಕಿ ಅವರೊಳಗೆ ಹೊಕ್ಕು ಮಾತಾಡಬೇಕು.

“ಇವತ್ತು ನನ್ನ ಮನ್ಯಾಗ ಎರಡು ಸಂತೋಷ.”

ಇಂದು ನನ್ನ ಮನೆಯಲ್ಲಿ ಎರಡು ಸಂತೋಷ, ಎಂದಳು ಶಾಂಭವಿ ಸ್ಪ್ಯಾನಿಷ್‌ನಲ್ಲಿ.

“ಒಂದು, ಮೇಡಂ ಅವರ ವೈನು ನಮ್ಮ ಹೋಟೆಲಿಗೆ ಬರೋದು.”

ಅದನ್ನೂ ಹೇಳಿದಳು.

“ಎರಡು, ನನ್ನ ಮಗ ಬಸವಪ್ರಭೂನ ಲಗ್ನ ಗೊತ್ತಾಗೇತಿ.”

ನನ್ನ ಮಗನ ಮದುವೆ ಗೊತ್ತಾಗಿದೆ, ಎಂದಳು. ರೆಮೆದಿಯೋಸ್ ಸಂತೋಷದಿಂದ ಗ್ಲಾಸು ಎತ್ತಿದಳು. ಶಾಂಭವಿಯೂ ಬಸವಪ್ರಭುವಿನ ಕಡೆ ತಿರುಗಿ ಮುಗುಳ್ನಕ್ಕಳು. ಅವನು ಮೇಜಿನ ಬಟ್ಟೆಯ ಅಂಚನ್ನು ಮಡಿಚುತ್ತಿದ್ದ.

“ಹುಡುಗಿ ಬ್ಯಾರೆ ಯಾರೂ ಅಲ್ಲ. ನನ್ನ ಗೆಳ್ಯಾ ಶಾಂತಯ್ಯನ ಮಗಳು. ಇನ್ನ ಮ್ಯಾಲೆ ಮೇಡಂ ಯಾವಾಗ ಬಂದ್ರೂ ಅವರ ಮಾತು ಬಲ್ಲ ಸೊಸಿ ನಮ್ಮ ಮನ್ಯಾಗ ಇರತಾಳ.”

ಶಾಂಭವಿಯ ಬಾಯಿ ರೂಢಿಯ ಬಲದಿಂದ ತೆರೆಯಿತು. ತೆರೆದು ಹಾಗೇ ನಿಂತಿತು.

ಅಡುಗೆಮನೆಯಿಂದ ನೀಲಗಂಗಾ ಕಾಕು ಹಿತ್ತಾಳೆಯ ತಾಟು ಹಿಡಿದು ಬಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಹಸಿರು ಕುಪ್ಪಸದ ಖಣ, ಐದು ಬಾಳೆಹಣ್ಣು. ಉಡಿ ತುಂಬುವ ಸಾಮಾನು. ಹುಡುಗಿ ಸೆರಗು ಒಡ್ಡಿ ಅದನ್ನು ತುಂಬಿಸಿಕೊಂಡಳೆಂದರೆ ಮಾತು ಮುಗಿದಂತೆ. ಆಮೇಲೆ ಇಲ್ಲ ಎಂದವರ ಮನೆಯ ನೀರನ್ನೂ ಮಂದಿ ಕುಡಿಯುವುದಿಲ್ಲ. ಇಳಕಲ್ಲ ಸೀರೆ ಯಾಕೆ, ಮಲ್ಲಿಗೆ ಯಾಕೆ ಎಂಬುದು ಶಾಂಭವಿಗೆ ಈಗ ಬಿಡಿಸಿ ಹೇಳಿದಂತಾಯಿತು. ಅವ್ವನಿಗೂ ಗೊತ್ತಿತ್ತು. ಡಾಕ್ಟರಿಗೆ ಗೊತ್ತಿತ್ತು, ಬಿಲ್ಡರಿಗೆ ಗೊತ್ತಿತ್ತು. ಈ ಕೋಣೆಯಲ್ಲಿ ಗೊತ್ತಿಲ್ಲದವರು ಇಬ್ಬರೇ: ಒಬ್ಬಳು ಸ್ಪೇನಿನವಳು, ಇನ್ನೊಬ್ಬಳು ತಾನು.

“ಹೇಳವಾ, ತಿಳಿಸಿ ಹೇಳು,” ಎಂದರು ಕಾಕಾ, ನಗುತ್ತ. “ನಾಚಬ್ಯಾಡ. ನಿನ್ನ ಬಾಯಿಲಿಂದನ ಹೇಳಿಸಬೇಕಂತ ನಾನೂ ನಿಮ್ಮಪ್ಪನೂ ಹೂಡಿದ ಮೋಜಿದು.”

ಮೋಜು. ಶಾಂಭವಿ ಅಪ್ಪನ ಕಡೆ ನೋಡಿದಳು. ಅವನು ಶರಬತ್ತಿನ ತಳದ ಸಕ್ಕರೆ ಕಲಕುತ್ತಿದ್ದ. ಪರದೆಗಳು ಒಂದು ಗೇಣು ಹತ್ತಿರ ಸರಿದವೆನ್ನಿಸಿತು. ಹೊರಗೆ ತಾಳ, ಬಾಗಿಲಿಗೆ ಕೀಲಿ, ಚೀಲದೊಳಗೆ ಚಪ್ಪಲಿ.

ಅವಳು ರೆಮೆದಿಯೋಸ್ ಕಡೆ ತಿರುಗಿ, ಒಂದು ಪದವನ್ನೂ ಬಿಡದೆ ಕಾಕಾ ಆಡಿದ್ದನ್ನು ಹೇಳಿದಳು. ಹೇಳಿ ಮುಗಿದ ಮೇಲೆ, ‘ಆ ಹುಡುಗಿ ನಾನು. ನನಗೂ ಇದು ಈಗಲೇ ತಿಳಿಯಿತು’ ಎಂದು ಸೇರಿಸಿದಳು.

ಮುದುಕಿ ಗ್ಲಾಸು ಕೆಳಗಿಟ್ಟಳು. “ನಿನ್ನನ್ನು ಕೇಳಿದರೇ?”

“ಇಲ್ಲ.”

“ನಿನಗೆ ಇಷ್ಟವಿದೆಯೇ?”

ಯಾರೂ ಕೇಳದ ಪ್ರಶ್ನೆಗೆ ಉತ್ತರವನ್ನು ಯಾರು ಮಾಡಿಟ್ಟುಕೊಂಡಿರುತ್ತಾರೆ?

“ಏನಂತಾರ ಮೇಡಂ?” ಕಾಕಾ ಇನ್ನೂ ನಿಂತೇ ಇದ್ದರು.

“ಹುಡುಗಿನ್ನ ಕೇಳೀರೇನು ಅಂತ ಕೇಳಾಕತ್ತಾರ್ರಿ.”

ಕಾಕಾ ಜೋರಾಗಿ ನಗಲು ಹೋಗಿ, ಎದುರುಮನೆ ನೆನಪಾಗಿ, ಅರ್ಧಕ್ಕೆ ನುಂಗಿದರು. “ಹೇಳು ಅಕಿಗೆ, ನಮ್ಮ ಕಡೆ ಹುಡುಗ್ಯಾರು ಬಾಯಿ ಬಿಟ್ಟು ಹೂಂ ಅನ್ನಂಗಿಲ್ಲ. ಸುಮ್ನಿದ್ರ ಹೂಂ ಅಂದಂಗ. ಹೌದಿಲ್ಲೋ ಶಾಂತ್ಯಾ?”

“ಹೂಂ,” ಎಂದ ಅಪ್ಪ.

ಆಗ ಶಾಂಭವಿಗೆ ಒಂದು ದಾರಿ ಕಂಡಿತು. ಈ ಕೋಣೆಯಲ್ಲಿ ಎರಡೂ ಮಾತು ಬಲ್ಲವಳು ತಾನೊಬ್ಬಳೇ. ‘ಇಂಥ ಮನೆಯ ಜೊತೆ ನನಗೆ ವ್ಯವಹಾರ ಬೇಡ ಅಂತಾರೆ ಮೇಡಂ, ಲಗ್ನದ ಮಾತು ಬಿಟ್ಟರೆ ಮಾತ್ರ ವೈನು ಕೊಡ್ತಾರಂತೆ.’ ಅಷ್ಟು ಹೇಳಿದರೆ ಸಾಕು. ಕಾಕಾ ತಾವಾಗಿಯೇ ತಾಟನ್ನು ಒಳಗೆ ಕಳಿಸುತ್ತಾರೆ. ಹಿಡಿಯುವವರು ಯಾರು? ಮಾತು ನಾಲಿಗೆಯ ತುದಿಗೆ ಬಂದು ಕೂತಿತು, ಸಿಹಿಯಾಗಿ, ನುಣ್ಣಗೆ. ತುಟಿ ಕದಲಿತು ಕೂಡ.

ಕಾಕಾ ಕಿವಿ ಮುಂದೆ ಮಾಡಿದರು. “ಏನು? ಏನಂತಾರ?”

ಹಸಿದ ಗಿಳಿ ರಾಣಿಯ ದನಿಯಲ್ಲಿ ಕಾಳು ಕೇಳಿದರೆ ಕಾಳು ರಾಣಿಗೆ ಹೋಗುತ್ತದೆ. ಇವತ್ತು ಮುದುಕಿಯ ಬಾಯಲ್ಲಿ ‘ಬೇಡ’ ಎಂದರೆ ನಾಳೆ ಮುದುಕಿ ಮುಂಬಯಿಯಲ್ಲಿರುತ್ತಾಳೆ, ತಾಟು ಇಲ್ಲೇ ಇರುತ್ತದೆ.

“ಅವರು ಏನೂ ಅಂದಿಲ್ರಿ ಕಾಕಾ,” ಎಂದಳು ಶಾಂಭವಿ. ತನ್ನ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು, ಒರಟಾಗಿ, ಬಹಳ ದಿನ ತೆರೆಯದ ಬಾಗಿಲಿನ ಹಾಗೆ. “ಇನ್ನ ಮುಂದಿಂದು ನನ್ನ ಮಾತು. ನಾ ಒಲ್ಲೆ.”

ನೀಲಗಂಗಾ ಕಾಕು ಆಗಲೇ ಮೊದಲ ಹಿಡಿ ಅಕ್ಕಿ ತೆಗೆದಿದ್ದಳು. “ಉಡಿ ಒಡ್ಡು ಮಗಳ,” ಎಂದಳು ಮೆಲ್ಲಗೆ, ಕೇಳಿಸಲೇ ಇಲ್ಲವೆಂಬಂತೆ. “ಹುಡುಗಾಟಿಕಿ ಆಮ್ಯಾಲೆ.”

ಶಾಂಭವಿ ಎದ್ದು ನಿಂತು, ಹೆಗಲ ಮೇಲಿನ ಸೆರಗನ್ನು ಮುಂದಕ್ಕೆ ಎಳೆದಳು. ಕಾಕಾನ ಮುಖ ಅರಳಿತು. ಅವಳು ಆ ಸೆರಗನ್ನು ಸುತ್ತಿ ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು, ಬಾವಿಯಿಂದ ನೀರು ಸೇದಲು ನಿಂತವಳ ಹಾಗೆ.

“ಶಾಂಭವಿ!” ಎಂದ ಅಪ್ಪ. “ದೊಡ್ಡವರ ಮುಂದ ಇದೇನು? ಮರ್ಯಾದಿ ಐತೋ ಇಲ್ಲೋ?”

“ಐತ್ರಿ ಅಪ್ಪಾ. ಕಾಕಾ ಕೆಟ್ಟವರಂತ ನಾ ಅಂದಿಲ್ಲ. ಇವರು ಕೆಟ್ಟವರಂತನೂ ಅಂದಿಲ್ಲ,” ಎಂದು ಬಸವಪ್ರಭುವಿನ ಕಡೆ ಕೈ ತೋರಿದಳು. “ನನಗ ಯಾರೂ ಕೇಳಿಲ್ಲ. ಅಷ್ಟ.”

“ನನಗೂ ಸೋಮವಾರನ ಹೇಳಿದ್ರು,” ಎಂದ ಬಸವಪ್ರಭು, ಮೇಜಿಗೆ.

“ನಿಮಗಾದ್ರೂ ಹೇಳಿದ್ರಲ್ರಿ.”

ಅಪ್ಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. “ನಡಿ ಮನಿಗೆ.” ಅವಳ ಮೊಣಕೈ ಹಿಡಿದು ದರದರನೆ ಮುಂಬಾಗಿಲಿಗೆ ನಡೆಸಿದ. ಚಿಲಕ ತೆಗೆದು ಜಗ್ಗಿದ. ಬಾಗಿಲು ಎರಡು ಬೆರಳು ಸರಿದು, ಹೊರಗಿನ ಕೀಲಿಗೆ ಬಡಿದು, ಟಣ್ ಎಂದು ನಿಂತಿತು. ಎದುರುಮನೆಯ ದೀಪದ ಒಂದು ಗೀಟು ಒಳಗೆ ಬಿತ್ತು.

“ಹಾಕ್ರಿ, ಹಾಕ್ರಿ ಬಾಗಲಾ!” ಎಂದು ಕಾಕಾ ಪಿಸುದನಿಯಲ್ಲೇ ಕೂಗಿದರು. “ನಾ ಬೆಳಗಾವ್ಯಾಗ ಅದೀನೋ ಮಾರಾಯಾ!”

ಅಪ್ಪ ಬಾಗಿಲು ಹಾಕಿದ. ಕೀಲಿಗೊಂಚಲು ಇಪ್ಪತ್ತು ಹೆಜ್ಜೆ ಆಚೆ ಗುಡ್ಡವ್ವನ ಎಲೆಚೀಲದಲ್ಲಿ ಕಣ್ಣು ಮುಚ್ಚಿ ತಾಳ ಕೇಳುತ್ತಿತ್ತು. ಗೋಡೆಯ ಗಡಿಯಾರ ಏಳು ಐವತ್ತು ತೋರಿಸುತ್ತಿತ್ತು. ಇನ್ನು ನಲವತ್ತು ನಿಮಿಷ. ಸಿಟ್ಟು ಬಂದವರು ಹೋಗುವಂತಿಲ್ಲ, ಅವಮಾನವಾದವರು ಹೊರಗೆ ಕಳಿಸುವಂತಿಲ್ಲ, ಒಲ್ಲೆ ಎಂದವಳು ಕೂರದೆ ವಿಧಿಯಿಲ್ಲ. ಜೋರಾಗಿ ಜಗಳವಾಡುವಂತೆಯೂ ಇಲ್ಲ. ಎಲ್ಲರೂ ಹೋಗಿ ತಮ್ಮ ತಮ್ಮ ಕುರ್ಚಿಗಳಲ್ಲೇ ಕೂತರು.

ನೀಲಗಂಗಾ ಕಾಕು ಮಾತ್ರ ನಿಂತೇ ಇದ್ದಳು. ಮುಷ್ಟಿಯೊಳಗೆ ಅಕ್ಕಿ. “ಈಗ ಇದನ್ನೇನ್ ಮಾಡ್ಲಿ?” ಎಂದಳು, ಯಾರನ್ನೂ ನೋಡದೆ. “ಉಡಿಗಂತ ಎತ್ತಿದ ಅಕ್ಕಿ ತಿರುಗಿ ಡಬ್ಬಿಗೆ ಹಾಕಬಾರದು. ಮನಿಗೆ ಛಲೋ ಅಲ್ಲ.”

ಕಾಕು ಒಂದು ಗಳಿಗೆ ಯೋಚಿಸಿ, ಮೇಜು ಬಳಸಿ ಬಂದು ರೆಮೆದಿಯೋಸ್ ಮುಂದೆ ನಿಂತಳು. ಶಾಂಭವಿಯ ಮುಖ ನೋಡದೆ, “ತಿಳಿಸಿ ಹೇಳು ಅವರಿಗೆ,” ಎಂದಳು.

“ಹೆಣ್ಣುಮಕ್ಕಳನ್ನು ಬರಿ ಮಡಿಲಲ್ಲಿ ಕಳಿಸಬಾರದೆಂದು ಇದು,” ಎಂದು ಶಾಂಭವಿ ಸ್ಪ್ಯಾನಿಷ್‌ನಲ್ಲಿ ಹೇಳಿದಳು. “ಏನಾದರೂ ಒಡ್ಡಬೇಕು.”

ಮುದುಕಿ ಪ್ಯಾಂಟು ಶರ್ಟಿನವಳು, ಸೆರಗಿಲ್ಲ. ಸೀಸೆಯ ಬಾಯಿ ಒರೆಸುವ ಬಿಳಿಯ ಬಟ್ಟೆಯನ್ನೇ ತೊಡೆಯ ಮೇಲೆ ಹರಡಿ ಎರಡೂ ಕೈಯಿಂದ ಎತ್ತಿ ಹಿಡಿದಳು. ಕಾಕು ಐದು ಹಿಡಿ ಅಕ್ಕಿ ಹಾಕಿದಳು, ಕೊಬ್ಬರಿ ಇಟ್ಟಳು, ಖಣ ಇಟ್ಟಳು. “ಗಂಡಾ ಅದಾನೇನು ಕೇಳು,” ಎಂದಳು ಕೊನೆಗೆ, ಅರಿಷಿಣದ ಕೊಂಬು ಹಿಡಿದು.

“ಲಗ್ನ ಆಗಿಲ್ಲಂತ್ರಿ,” ಎಂದಳು ಶಾಂಭವಿ, ಮುದುಕಿಯನ್ನು ಕೇಳಿ. “ಯಾರೂ ಕೇಳಲಿಲ್ಲೇನು ಅಂದ್ರ, ಕೇಳಿದ್ರಂತ, ಇವರು ಒಲ್ಲೆ ಅಂದ್ರಂತ.”

ಕಾಕು ಅರಿಷಿಣದ ಕೊಂಬನ್ನು ಒಂದು ಕ್ಷಣ ಬೆರಳಲ್ಲಿ ತಿರುಗಿಸಿದಳು. ಆಮೇಲೆ ಅದನ್ನೂ ಇಟ್ಟಳು.

ಉಳಿದ ಹೊತ್ತನ್ನು ಕಳೆಯಲು ಬಲ್ಲವಳು ರೆಮೆದಿಯೋಸ್ ಒಬ್ಬಳೇ. ಆಕೆ ನಾಲ್ಕನೆಯ ಸೀಸೆ ಬಿಚ್ಚಿದಳು. ಕಾಕಂಬಿಯಂತೆ ಕಪ್ಪು, ಗ್ಲಾಸಿನ ಗೋಡೆಗೆ ಅಂಟಿ ನಿಧಾನಕ್ಕೆ ಇಳಿಯಿತು. ಆಕೆ ಮಾತಾಡಿದಳು. ತಿಳಿಸುವವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಶಾಂಭವಿ ತಿಳಿಸಿದಳು.

“ದ್ರಾಕ್ಷಿ ಹರದು ಚಾಪಿ ಮ್ಯಾಲೆ ಬಿಸಿಲಿಗೆ ಹಾಕ್ತಾರಂತ್ರಿ. ಒಣಗಿ ಸುಕ್ಕಾಗೂ ತನಕಾ. ಆಮ್ಯಾಲೆ ಹಿಂಡಿದ್ರ ಇಷ್ಟ ಇಷ್ಟ ಬರತೈತಂತ.”

ಯಾರೂ ಬೆಳಕಿಗೆ ಹಿಡಿಯಲಿಲ್ಲ. ವಯಸ್ಸು ಕೇಳಲಿಲ್ಲ. ಡಾಕ್ಟರು ಒಂದೇ ಗುಟುಕಿಗೆ ಮುಗಿಸಿದರು. ಗುರುಪಾದ ಕಾಕಾ ಗ್ಲಾಸು ಮುಟ್ಟಲಿಲ್ಲ, ಗಡಿಯಾರ ನೋಡುತ್ತಿದ್ದರು. ಅಪ್ಪನ ಉಸಿರು ಮೇಜಿನ ಆಚೆಯಿಂದ ಕೇಳುತ್ತಿತ್ತು. ಅಜ್ಜಿಯ ಕತೆಗಳಲ್ಲಿ ಮಾತು ಆಡಿದ ಕೂಡಲೇ ಕೋಟೆ ಒಡೆಯುತ್ತಿತ್ತು. ಆಮೇಲೂ ನಲವತ್ತು ನಿಮಿಷ ಅದೇ ಕೋಟೆಯಲ್ಲಿ ಕೂರಬೇಕಾದೀತು ಎಂದು ಅಜ್ಜಿ ಹೇಳಿರಲಿಲ್ಲ.

ಎಂಟು ನಲವತ್ತಕ್ಕೆ ಕೀಲಿ ತಿರುಗಿತು. ಗುಡ್ಡವ್ವ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಕೈಯಲ್ಲಿ ಪ್ರಸಾದ ಹಿಡಿದು ಒಳಬಂದಳು. “ಇವತ್ತ ಭಾಳ ಛಲೋ ಆತ್ರಿ ಗಾಯನ. ಸಾವಕಾರ್ರು ಇರಬೇಕಿತ್ತು ಅಂತ ಎಲ್ಲಾರೂ ಅಂದ್ರು,” ಎಂದಳು. ಯಾರೂ ನಗದ್ದು ಕಂಡು ಗಾಬರಿಯಾಗಿ ಚೀಲ ತಂದು ಸುರಿದಳು.

ಚಪ್ಪಲಿಗಳು ಕಲಸುಮೇಲೋಗರವಾಗಿದ್ದವು. ಡಾಕ್ಟರು, ಬಿಲ್ಡರು ತಮ್ಮವನ್ನು ಹೆಕ್ಕಿಕೊಂಡು ಹೇಳದೆ ಕೇಳದೆ ಜಾರಿದರು. ರೆಮೆದಿಯೋಸ್ ಅಕ್ಕಿಯ ಗಂಟನ್ನು ಎದೆಗವಚಿಕೊಂಡು ಶಾಂಭವಿಯ ಕೆನ್ನೆ ತಟ್ಟಿದಳು. ಶಾಂಭವಿಗೆ ತನ್ನ ಬಲಗಾಲಿನದು ಸಿಕ್ಕಿತು, ಎಡಗಾಲಿನದು ಸಿಗಲಿಲ್ಲ. ಬಗ್ಗಿ ಹುಡುಕುತ್ತಿದ್ದಾಗ ಅದು ಅವಳ ಕಾಲಿನ ಮುಂದೆ ಬಂದು ಕೂತಿತು. ಬಾಗಿಲ ಹಿಂದೆ ಉರುಳಿದ್ದನ್ನು ಅಪ್ಪ ತನ್ನ ಕಾಲಿನಿಂದ ಸರಿಸಿದ್ದ. ಅವಳ ಮುಖ ನೋಡದೆ ಮುಂದೆ ನಡೆದ.

ಎರಡು ಓಣಿ ನಡೆದು ಕಾರು ಹತ್ತಿದರು. ಅಪ್ಪ ಕಾರನ್ನು ಕೇಶ್ವಾಪುರ ದಾಟಿಸಿದ. ಐವತ್ತು ವರ್ಷದ ಗೆಳೆತನ ಅವನ ಪಕ್ಕದ ಸೀಟಿನಲ್ಲಿ ಕೂತಿತ್ತು. ಅದಕ್ಕೇ ಶಾಂಭವಿ ಹಿಂದೆ ಕೂತಿದ್ದಳು. ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಅವಳು ಕಿಟಕಿಯ ಗಾಜು ಪೂರ್ತಿ ಇಳಿಸಿದಳು.

“ನಿಮ್ಮವ್ವ ಬಾಗಲದಾಗ ಆರತಿ ಹಿಡಕೊಂಡು ನಿಂತಿರತಾಳ,” ಎಂದ ಅಪ್ಪ, ಕೆಂಪು ದೀಪ ನೋಡುತ್ತ. “ಅಕಿಗೆ ಏನಂತ ಹೇಳ್ಲಿ ನಾನು?”

ದೀಪ ಹಸಿರಾಯಿತು. ಹಿಂದಿನವರು ಹಾರ್ನು ಬಾರಿಸಿದರು.

“ನೀವು ಹೇಳಬ್ಯಾಡ್ರಿ ಅಪ್ಪಾ,” ಎಂದಳು ಶಾಂಭವಿ. “ನಾನ ಹೇಳತೇನಿ.”